ತಮ್ಮನಿಗಾಗಿ ಟೈಪ್ ಮಾಡಿದ ಸಿನಿಮಾ

ಫೆಬ್ರವರಿ ೧೭, ಸೋಮವಾರ ಬೆಳಿಗ್ಗೆ

ಪ್ರೀತಿಯ ಪುಟ್ಟು,

ಐವತ್ತೆರಡು ವರ್ಷದ ಗಂಡಸನ್ನು ಇನ್ನೂ ಪುಟ್ಟು ಅಂತ ಕರೀತೀಯಲ್ಲ, ಬಸ್ ಡಿಪೋದಲ್ಲಿ ಯಾರಾದರೂ ಓದಿದರೆ ನನ್ನ ಮಾನ ಏನಾಗಬೇಕು ಅಂತ ನೀನು ಹಲ್ಲು ಕಡಿಯುವುದು ನನಗೆ ಗೊತ್ತು. ಅದಕ್ಕೇ ಲಕೋಟೆಯ ಮೇಲೆ ಪೂರ್ತಿ ಹೆಸರು ಬರೆದಿದ್ದೇನೆ. ಒಳಗೆ ನನ್ನ ಇಷ್ಟ. ನಾವಿಬ್ಬರೂ ಚೆನ್ನಾಗಿದ್ದೇವೆ. ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ರಿಟೈರ್ ಆದ ನಿಮ್ಮ ಭಾವ ಕೈ ಸುಮ್ಮನಿರಲಾರದೆ ಮನೆಯ ಕುರ್ಚಿಗಳಿಗೆಲ್ಲ ಬಣ್ಣ ಹೊಡೆಯುತ್ತಿದ್ದಾರೆ. ಕೂರಲು ಒಂದೂ ಒಣಗಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಅವರನ್ನು ಬೈದುಕೋ.

ಬರೀತೀನಿ ಅಂದು ಮೂರು ವಾರವಾಯಿತು, ನಿಜ. ಸೋಮಾರಿತನವಲ್ಲ, ಒಂದು ಕೆಲಸ ಹಿಡಿದಿದ್ದೆ, ಅದೇನು ಅಂತ ಹೇಳುತ್ತೇನೆ. ಫೋನಾದರೂ ಮಾಡಬಹುದಿತ್ತಲ್ಲ ಅನ್ನಬೇಡ. ಮಾಡಿದ್ದೆನಲ್ಲ! ಮಂಡಿನೋವು ಜಾಸ್ತಿಯಾಗಿದೆ ಕಣೋ ಅಂದದ್ದಕ್ಕೆ ನೀನು ‘ಒಳ್ಳೇದಾಯ್ತು ಬಿಡಕ್ಕ’ ಅಂದೆ. ಆಮೇಲೆ ನಾನು ಏನು ಹೇಳಿದರೂ ಹೂಂ, ಹೂಂ, ಸರಿ ಅಂತ ಫೋನ್ ಇಟ್ಟುಬಿಟ್ಟೆ. ಅವತ್ತು ನನಗೆ ಮೈಯೆಲ್ಲ ಉರಿದಿತ್ತು. ಈಗ ಸಿಟ್ಟಿಲ್ಲ. ಅದಕ್ಕೇ ಕಾಗದ.

ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ನಾನು ಕಟ್ಟಿಟ್ಟ ಸಿನಿಮಾ ಸರ್ವರ್ ಇದೆಯಲ್ಲ, ಹಳೆಯ ಕಂಪ್ಯೂಟರಿಗೆ ನಾಲ್ಕು ಹಾರ್ಡ್ ಡಿಸ್ಕ್ ಸಿಕ್ಕಿಸಿ, ನಮ್ಮ ಡಿವಿಡಿಗಳನ್ನೆಲ್ಲ ಅದಕ್ಕೆ ತುಂಬಿ, ನೀವೆಲ್ಲ ನಿಮ್ಮ ನಿಮ್ಮ ಮನೆಯ ಟಿವಿಯಲ್ಲಿ ನೋಡುವ ಹಾಗೆ ಮಾಡಿದ್ದು. ಪಾಸ್‌ವರ್ಡ್ ಹಂಚುವಾಗ ಎಲ್ಲರೆದುರು ಎದೆ ತಟ್ಟಿಕೊಂಡು ಹೇಳಿದ್ದೆ: ‘ಯಾರು ಏನು ನೋಡ್ತೀರಿ ಅಂತ ನಾನು ಇಣುಕಿಯೂ ನೋಡಲ್ಲ.’ ಆ ಮಾತು ಮುರಿದೆ, ಪುಟ್ಟು. ಕಳೆದ ಬೇಸಿಗೆಯಲ್ಲಿ ಚಿತ್ರ ನಿಂತು ನಿಂತು ಬರುತ್ತಿದೆ ಅಂತ ಚಿಕ್ಕಮ್ಮ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ನನ್ನ ಪ್ರಾಣ ತಿಂದರು. ತೊಂದರೆ ಎಲ್ಲಿದೆ ಎಂದು ಹುಡುಕಲು ಒಂದು ಪ್ರೋಗ್ರಾಂ ಹಾಕಿದೆ. ಯಾರು, ಏನನ್ನು, ಎಷ್ಟು ಹೊತ್ತಿಗೆ ಹಾಕಿದರು, ಎಲ್ಲಿ ನಿಲ್ಲಿಸಿದರು, ಎಲ್ಲಿಂದ ಹಿಂದಕ್ಕೆ ಓಡಿಸಿದರು, ಎಲ್ಲವನ್ನೂ ಅದು ಸಾಲು ಸಾಲಾಗಿ ತೋರಿಸುತ್ತದೆ. ಚಿಕ್ಕಮ್ಮನ ತೊಂದರೆ ಒಂದೇ ದಿನದಲ್ಲಿ ಸರಿಹೋಯಿತು. ಪ್ರೋಗ್ರಾಂ ಮಾತ್ರ ಹಾಗೇ ಉಳಿಯಿತು.

ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂರುವುದು ಚಟವಾಗಿಬಿಟ್ಟಿತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರವರ ಲೈನು ಪರೀಕ್ಷೆ ಮಾಡಿದವಳು ನಾನು. ಲೈನು ಕೇಳಬೇಕು, ಮಾತನ್ನು ಮನೆಗೆ ತರಬಾರದು ಎಂದು ಅಲ್ಲಿಯ ನಿಯಮ. ಒಂದು ದಿನವೂ ತಪ್ಪಿರಲಿಲ್ಲ. ಈ ವಯಸ್ಸಿನಲ್ಲಿ ಬುದ್ಧಿ ಕೆಟ್ಟಿತು ನೋಡು. ಚಿಕ್ಕಮ್ಮ ಧಾರಾವಾಹಿ ಹಾಕಿ ನಿದ್ದೆ ಹೋಗುತ್ತಾರೆ, ಅದರ ಪಾಡಿಗೆ ಅದು ಆರು ಕಂತು ಓಡಿಬಿಟ್ಟಿರುತ್ತದೆ, ಮಾರನೆಯ ದಿನ ‘ನಡುವಿನ ಕಥೆ ನೀನೇ ಅಳಿಸಿದ್ದೀಯ’ ಅಂತ ನನಗೆ ಬೈಗುಳ. ಇಂಥವನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದೆ. ಒಂದು ದಿನ ನಿಮ್ಮ ಭಾವ ಬೆನ್ನ ಹಿಂದೆ ನಿಂತು, ‘ಇದೇನೇ ಇದು, ಪಕ್ಕದ ಮನೆ ಕಿಟಕಿಗೆ ಕುರ್ಚಿ ಹಾಕ್ಕೊಂಡು ಕೂತ ಹಾಗಿದೆ’ ಅಂದರು. ನಾಚಿಕೆಯಾಯಿತು. ಆದರೂ ಬಿಡಲಾಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಿನ್ನ ಸಾಲು ಕಣ್ಣಿಗೆ ಬಿದ್ದಿತ್ತು.

ನೀನು ಒಂದು ಸಿನಿಮಾದ ಎರಡೇ ನಿಮಿಷದ ತುಂಡನ್ನು ಏಳು ಸಲ ಹಿಂದಕ್ಕೆ ಓಡಿಸಿದ್ದೆ. ಏನಿದೆ ಅಂತ ಹಾಕಿ ನೋಡಿದರೆ, ನಾಯಕಿ ಕಿಟಕಿಯ ಹತ್ತಿರ ನಿಂತು ಪಿಸುಮಾತಿನಲ್ಲಿ ಏನೋ ಹೇಳುತ್ತಾಳೆ. ಅಯ್ಯೋ, ಈ ವಯಸ್ಸಿನಲ್ಲಿ ಇವನಿಗೆ ಅವಳ ಮೇಲೆ ಮನಸ್ಸಾಯಿತೇ ಅಂತ ನಾನೂ ನಿಮ್ಮ ಭಾವನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಫೈಲು ಕೆಟ್ಟಿರಬೇಕು ಅಂದುಕೊಂಡು ಹೊಸದಾಗಿ ತುಂಬಿದೆ. ಅದಾದ ಮೇಲೂ ಅದೇ ಕಥೆ. ನವೆಂಬರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ನೀನು ನಮ್ಮ ಭಾಷೆಯ ಹನ್ನೊಂದು ಸಿನಿಮಾ ಹಾಕಿದ್ದೀಯ. ಒಂದೊಂದನ್ನೂ ನಾಲ್ಕು ನಿಮಿಷ ನೋಡಿ ಬಿಟ್ಟಿದ್ದೀಯ. ಪ್ರತಿಯೊಂದರಲ್ಲೂ ಮಾತು ಕೆಳಗೆ ಅಕ್ಷರದಲ್ಲಿ ಬರುತ್ತದೆಯೇ ಅಂತ ಹುಡುಕಿದ್ದೀಯ. ಯಾವುದರಲ್ಲೂ ಇರಲಿಲ್ಲ. ಕೊನೆಗೆ ಯಾವುದೋ ದೂರದೇಶದ ಸಿನಿಮಾ, ಕೆಳಗೆ ಅಕ್ಷರ ಬರುವಂಥದ್ದು, ಅದನ್ನು ಪೂರ್ತಿ ನೋಡಿದ್ದೀಯ. ಅಲ್ಲಿಂದ ಮುಂದೆ ಬರೀ ಅಂಥವೇ. ಬಾಯಿ ತಪ್ಪಿ ಚಿಕ್ಕಮ್ಮನಿಗೆ ಹೇಳಿಬಿಟ್ಟೆ. ‘ಓಹೋ, ದೊಡ್ಡ ಮನುಷ್ಯ ಆಗ್ಬಿಟ್ಟ, ನಮ್ಮ ಸಿನಿಮಾ ಎಲ್ಲ ಅವನಿಗೀಗ ಸಪ್ಪೆ’ ಅಂತ ಅವರು ಮೂಗು ಮುರಿದರು. ನನಗೆ ನಗು ಬರಲಿಲ್ಲ. ತಾನು ಹುಟ್ಟಿದಾಗಿನಿಂದ ಆಡಿದ ಭಾಷೆಗೆ ಅಕ್ಷರ ಹುಡುಕುವವನಿಗೆ ಏನಾಗಿರಬಹುದು ಅಂತ ತಿಳಿಯಲು ಹೆಚ್ಚು ಬುದ್ಧಿ ಬೇಕಿಲ್ಲ.

ಹೋದ ತಿಂಗಳು ನಿನ್ನ ಹೆಂಡತಿ ಬಂದಿದ್ದಳಲ್ಲ, ಅವಳು ಮಾತಿನ ಮಧ್ಯೆ ಅಂದಳು, ‘ಅಕ್ಕಾ, ಇವರು ಕೆಲಸದಿಂದ ಬರೋವಾಗ ತುಟಿಯೆಲ್ಲ ಗ್ರೀಸು. ಯಾಕ್ರೀ ಅಂದ್ರೆ ಸಿಡುಕ್ತಾರೆ.’ ಇಂಜಿನ್ನಿನ ಮೇಲೆ ಉದ್ದ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಯಾವ ಬೇರಿಂಗ್ ಸವೆದಿದೆ ಅಂತ ಹೇಳುತ್ತಿದ್ದವನು ನೀನು. ಇಡೀ ಡಿಪೋದಲ್ಲಿ ಆ ಕಿವಿಗೆ ಸಾಟಿ ಇರಲಿಲ್ಲ. ಈಗ ಆ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತೀಯ, ಅಲ್ಲವೇ? ಕಿವಿಗೆ ಬಾರದ ಸದ್ದನ್ನು ಹಲ್ಲಿನಿಂದ ಹಿಡಿಯುತ್ತಿದ್ದೀಯ. ಎಷ್ಟು ದಿನದಿಂದ ಒಬ್ಬನೇ ಹೀಗೆ ಒದ್ದಾಡುತ್ತಿದ್ದೀಯೋ, ನನ್ನ ಮುದ್ದು ತಮ್ಮ. ಅವಳು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಈಗ ತಡವಾದದ್ದಕ್ಕೆ ಕಾರಣ ಕೇಳು. ಒಂದೇ ಕೋಣೆಗೆ ಇಬ್ಬರು ಬಾಡಿಗೆಯವರು ಕಿತ್ತಾಡುವ ಹಳೇ ನಗೆ ಸಿನಿಮಾ ಇದೆಯಲ್ಲ, ಹುಡುಗನಾಗಿದ್ದಾಗ ನೀನು ಬಾಯಿಪಾಠ ಮಾಡಿ ನಮ್ಮೆಲ್ಲರ ತಲೆ ತಿಂದದ್ದು. ಅದರ ಒಂದೊಂದು ಮಾತನ್ನೂ ಕೇಳಿ, ನಿಲ್ಲಿಸಿ, ಪರದೆಯ ಕೆಳಗೆ ಬರುವ ಹಾಗೆ ಟೈಪ್ ಮಾಡಿದೆ. ಸಾವಿರದ ನಾನೂರು ಸಾಲು. ಎರಡೇ ಬೆರಳಿನಲ್ಲಿ ಕುಟ್ಟುವವಳು ನಾನು, ಮೂರು ವಾರ ಹಿಡಿಯಿತು. ಮನೆ ಯಜಮಾನ ಬಾಯಿ ತುಂಬ ತಿಂಡಿ ತುಂಬಿಕೊಂಡು ಬೈಯುತ್ತಾನಲ್ಲ, ಅದನ್ನು ಬರೆಯುವುದು ಹೇಗೆ ಅಂತ ನಿಮ್ಮ ಭಾವನ ಜೊತೆ ಜಗಳವೇ ಆಯಿತು. ‘ನೆಟ್ಟಗೆ ಬರಿಯೇ, ಅರ್ಥ ಆದ್ರೆ ಸಾಕು’ ಅಂದರು. ‘ನೆಟ್ಟಗೆ ಬರೆದ್ರೆ ನಗು ಎಲ್ಲಿಂದ ಬರತ್ತೆ ರೀ’ ಅಂದೆ. ಮೊನ್ನೆ ಶುಕ್ರವಾರ ಯಾರಿಗೂ ಹೇಳದೆ ಅದನ್ನು ಸೇರಿಸಿ, ಆ ಸಿನಿಮಾ ನಿನ್ನ ಪಟ್ಟಿಯ ಮೊದಲಿಗೇ ಕಾಣುವ ಹಾಗೆ ಇಟ್ಟೆ.

ನಿನ್ನೆ ಮಧ್ಯಾಹ್ನ ಎರಡೂವರೆಗೆ ನೀನು ಅದನ್ನು ಹಾಕಿದೆ. ನಾನು ಇಲ್ಲಿ ನಿನ್ನ ಸಾಲು ನೋಡುತ್ತಾ ಕೂತಿದ್ದೆ. ನಾಲ್ಕು ನಿಮಿಷವಾಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ‘ಇನ್ನೂ ನೋಡ್ತಿದ್ದಾನಾ?’ ಅಂತ ನಿಮ್ಮ ಭಾವ ಬಣ್ಣದ ಕುಂಚ ಹಿಡಿದುಕೊಂಡೇ ಮೂರು ಸಲ ಬಂದು ಕೇಳಿದರು, ನೆಲವೆಲ್ಲ ಹಸಿರು. ನೀನು ಒಂದು ಸಲವೂ ಹಿಂದಕ್ಕೆ ಓಡಿಸದೆ ಕೊನೆಯವರೆಗೆ ನೋಡಿದೆ. ಸಂಜೆ ನಿನ್ನ ಹೆಂಡತಿ ಫೋನ್ ಮಾಡಿ, ‘ಎಷ್ಟೋ ದಿನ ಆದ್ಮೇಲೆ ಇವರು ಬಿದ್ದು ಬಿದ್ದು ನಕ್ರು ಅಕ್ಕಾ’ ಅಂದಳು. ಆಮೇಲೆ, ‘ಅಕ್ಷರ ಹಾಕಿದ್ದು ನೀವೇ ಅಲ್ವಾ?’ ಅಂತ ಕೇಳಿದಳು. ಅವಳಿಗೂ ಗೊತ್ತು ಕಣೋ. ನೀನೇ ಹೇಳಲಿ ಅಂತ ಕಾಯುತ್ತಿದ್ದಾಳೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಕಿವಿ ಡಾಕ್ಟರಮ್ಮ ಇದ್ದಾರೆ. ವಿಚಾರಿಸಿದೆ. ‘ಬೇಗ ಕರ್ಕೊಂಡು ಬನ್ನಿ, ಉಳಿದಿರೋದನ್ನ ಉಳಿಸ್ಕೊಳ್ಳೋಣ. ಪೂರ್ತಿ ಹೋದ್ಮೇಲೆ ಬಂದ್ರೆ ನನ್ನ ಕೈಲೂ ಏನೂ ಆಗಲ್ಲ’ ಅಂದರು. ಮುಂದಿನ ವಾರ ಬುಧವಾರ ಹತ್ತೂವರೆಗೆ ಬರಹೇಳಿದ್ದಾರೆ. ನಿನ್ನ ಹೆಸರು ಕೊಟ್ಟರೆ ನೀನೇ ಬೇಡ ಅಂತ ಹೇಳಿಬಿಡುತ್ತೀಯ, ಅದಕ್ಕೆ ನನ್ನ ಹೆಸರು ಬರೆಸಿದ್ದೇನೆ. ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತ ರಜೆ ಹಾಕು. ಡಿಪೋದಲ್ಲಿ ಗೊತ್ತಾದರೆ ಕೆಲಸಕ್ಕೆ ಕುತ್ತು ಎನ್ನುವ ನಿನ್ನ ಹೆದರಿಕೆ ಸುಳ್ಳಲ್ಲ. ಆದರೆ ಕೆಟ್ಟ ಬ್ರೇಕಿನ ಸದ್ದು ನಿನಗೆ ಕೇಳಿಸದೆ ಒಂದು ಬಸ್ಸು ರಸ್ತೆಗೆ ಹೋಗಿ ಏನಾದರೂ ಆದರೆ, ಆಮೇಲೆ ನಿನಗೆ ಊಟ ಸೇರುತ್ತದೆಯೇ? ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನಗೆ ಗೊತ್ತು.

ಇಣುಕಿದ್ದಕ್ಕೆ ಸಿಟ್ಟು ಮಾಡಿಕೋ, ಬಾಯಿಗೆ ಬಂದ ಹಾಗೆ ಬೈ. ಬೈಯುವುದಕ್ಕಾದರೂ ಬುಧವಾರ ಬಾ. ಆ ಪ್ರೋಗ್ರಾಮಿನ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಇದರೊಳಗೇ ಇಟ್ಟಿದ್ದೇನೆ. ಇಟ್ಟುಕೊಳ್ಳುವುದೋ ಕಿತ್ತುಹಾಕುವುದೋ ನೀನೇ ತೀರ್ಮಾನ ಮಾಡು. ಕೀಳುವ ಮೊದಲು ನನ್ನ ಸಾಲನ್ನೂ ನೋಡಿಕೋ, ನ್ಯಾಯ ಅಂದರೆ ನ್ಯಾಯ. ಹೌದು, ನಾನು ನೋಡುವುದು ಎಲ್ಲಾ ಕುಸ್ತಿ. ನಿಮ್ಮ ಭಾವನಿಗೆ ಹೇಳಬೇಡ.

ಇನ್ನು ಯಾವ ಸಿನಿಮಾಕ್ಕೆ ಅಕ್ಷರ ಹಾಕಲಿ, ಬರಿ. ನಿನ್ನವಳಿಗೆ ನನ್ನ ಪ್ರೀತಿ ಹೇಳು, ಅವಳ ಮೇಲೆ ಸಿಡುಕಬೇಡ. ನೂರು ಕಾಲ ಸುಖವಾಗಿರು, ನನ್ನ ಆಯುಸ್ಸೂ ನಿನಗಿರಲಿ.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಇದೊಂದನ್ನು ನುಂಗಿಕೊಂಡರೆ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನೀನು ಓದು ಬಿಟ್ಟು ಗ್ಯಾರೇಜು ಸೇರುತ್ತೇನೆ ಅಂದಾಗ ಅಪ್ಪನಿಗೂ ನಿನಗೂ ಮಾತು ನಿಂತುಹೋಯಿತು. ಅಪ್ಪ ಬೇರೆ ಊರಿನ ಪ್ರಿಂಟಿಂಗ್ ಪ್ರೆಸ್ಸಿಗೆ ಕೆಲಸಕ್ಕೆ ಹೊರಟ ಬೆಳಿಗ್ಗೆ ನೀನು ಮನಸ್ಸು ತಡೆಯದೆ ಬಸ್ ನಿಲ್ದಾಣಕ್ಕೆ ಓಡಿದೆ. ಅವರ ಬೆನ್ನ ಹಿಂದೆ ನಿಂತು ‘ಅಪ್ಪಾ’ ಅಂತ ಮೂರು ಸಲ ಕರೆದೆ. ಅವರು ತಿರುಗಿಯೂ ನೋಡದೆ ಬಸ್ಸು ಹತ್ತಿದರು. ಒಂದೂವರೆ ತಿಂಗಳಿಗೆ ಎದೆನೋವು ಬಂದು ಅಲ್ಲೇ ಹೋಗಿಬಿಟ್ಟರು. ‘ಕೊನೇಗೂ ಅಪ್ಪ ನನ್ನ ಮುಖ ನೋಡ್ಲಿಲ್ಲ ಅಕ್ಕ’ ಅಂತ ಈ ಮೂವತ್ತಮೂರು ವರ್ಷದಲ್ಲಿ ನೀನು ಹೇಳಿದ್ದು ಎರಡೇ ಸಲ. ಎರಡು ಸಲವೂ ನಾನು ಬಾಯಿ ಬಿಡಲಿಲ್ಲ. ಪ್ರೆಸ್ಸಿನ ಮೆಷಿನ್ನುಗಳ ಗದ್ದಲದ ನಡುವೆ ದುಡಿದು ದುಡಿದು ಅಪ್ಪನ ಎರಡೂ ಕಿವಿ ಅದಕ್ಕೆ ಎರಡು ವರ್ಷ ಮೊದಲೇ ಹೋಗಿದ್ದವು. ನಮ್ಮ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ನನಗೊಬ್ಬಳಿಗೇ ಗೊತ್ತಿತ್ತು. ‘ಯಾರಿಗೂ ಹೇಳ್ಬೇಡಮ್ಮ, ಕೆಲಸ ಹೋಗತ್ತೆ’ ಅಂತ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು. ಅವರು ಹೋದ ಮೇಲೂ ಆ ಮಾತು ಕಾಪಾಡಿದೆ. ಆಮೇಲೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ನೀನು ಕೇಳಿದರೆ ಏನು ಹೇಳಲಿ ಅನ್ನುವ ಹೆದರಿಕೆಗೆ ಸುಮ್ಮನಿದ್ದೆ. ನನ್ನನ್ನು ಕ್ಷಮಿಸು. ಅಪ್ಪ ನಿನ್ನ ಮೇಲಿನ ಸಿಟ್ಟಿಗೆ ತಿರುಗದೆ ಹೋದದ್ದಲ್ಲ, ಪುಟ್ಟು. ನೀನು ಕರೆದದ್ದು ಅವರಿಗೆ ಕೇಳಿಸಲೇ ಇಲ್ಲ.