ಹೇರೋಹಳ್ಳಿಯ ಇಪ್ಪತ್ತು ನಿಮಿಷ

೧೧ ನವೆಂಬರ್ ೨೦೨೫, ಮಂಗಳವಾರ

ರಾತ್ರಿ ಊಟಕ್ಕೆ ಕೂತಾಗ ಇವರು ಸಾರು ಬಡಿಸಿಕೊಳ್ಳುತ್ತಾ ಕೇಳಿದರು: "ಹೇರೋಹಳ್ಳೀಲಿ ಇಪ್ಪತ್ತು ನಿಮಿಷ ಗಾಡಿ ನಿಂತಿತ್ತಲ್ಲ, ಏನಾಯ್ತೇ?"

ಎಲೆಕ್ಟ್ರಿಕ್ ಸ್ಕೂಟರ್ ನನ್ನದು, ಆದರೆ ಅದು ಎಲ್ಲಿ, ಎಷ್ಟು ಹೊತ್ತು ನಿಂತಿತ್ತು ಎಂದು ತೋರಿಸುವ ಆಪ್ ಇರುವುದು ಇವರ ಫೋನಿನಲ್ಲಿ. ಕೊಂಡ ದಿನ ನಾನೇ, "ನಿಮ್ಮ ಫೋನಲ್ಲೇ ಹಾಕ್ಕೊಳ್ಳಿ, ನಂಗೆ ಅವೆಲ್ಲ ತಲೆನೋವು" ಅಂದಿದ್ದೆ. ಈಗ ಅನುಭವಿಸು!

"ಮಕ್ಕಳ ನೋಟ್‌ಬುಕ್ ತರೋದಿತ್ತು" ಎಂದು ಸುಳ್ಳು ಹೇಳಿದೆ. ಪಾಠ ಮುಗಿಸಿ ಶಾಲೆಯಿಂದ ಬರುವಾಗ ಒಂದು ಪ್ಲೇಟ್ ಮಸಾಲಪುರಿ ಹಿಡಿದು ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂರುತ್ತೇನೆ, ಅಷ್ಟೆ. ಇವರೇನೂ ಬೈಯುವವರಲ್ಲ. "ಅಯ್ಯೋ, ಹೇಳಿದ್ರೆ ನಾನೂ ಬರ್ತಿದ್ದೆ" ಅಂದುಬಿಡುತ್ತಾರೆ. ಅದೇ ಭಯ.

ಗಾಡಿಯನ್ನು ದೂರುವಂತೆಯೂ ಇಲ್ಲ. ಬಂಕಿನಲ್ಲಿ ಕ್ಯೂ ನಿಲ್ಲುವುದು ತಪ್ಪಿತು, ಕಿಕ್ ಹೊಡೆದು ಹೊಡೆದು ಬರುತ್ತಿದ್ದ ಮಂಡಿನೋವೂ ತಪ್ಪಿತು. ಹಳೆಯ ಸ್ಕೂಟರ್ ಬೀದಿಗೆಲ್ಲ ಕೇಳುವಂತೆ ಬಡಬಡಿಸುತ್ತಿತ್ತು, ಆದರೆ ನಾನು ಎಲ್ಲಿ ನಿಂತೆ ಎಂದು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಇದು ಸದ್ದೇ ಮಾಡದೆ ಚಾಡಿ ಹೇಳುತ್ತದೆ.

ಇದನ್ನು ಬರೆಯುತ್ತಿರುವಾಗಲೇ ರೂಮಿನಿಂದ ಕೂಗುತ್ತಿದ್ದಾರೆ: "ವತ್ಸಲಾ, ಗಾಡಿ ಚಾರ್ಜಿಗೇ ಹಾಕಿಲ್ವಲ್ಲೇ! ಹನ್ನೊಂದು ಪರ್ಸೆಂಟ್ ತೋರಿಸ್ತಿದೆ."

ಗೊತ್ತು. ಹಾಕುವುದೂ ಇಲ್ಲ. ನಾಳೆ ಬಸ್ಸಿಗೆ ಹೋಗುತ್ತೇನೆ. ಬಸ್ಸು ಇಪ್ಪತ್ತು ನಿಮಿಷ ತಡವಾಯಿತು ಎಂದರೆ ಈ ಊರಿನಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ.