ಭೂಕಂಪ ತಜ್ಞರಿಗೆ ನಾನು ಬರೆದ ಚೆಂದದ ‘ಇಲ್ಲ’

ಮಾನ್ಯ ಮುಖ್ಯಾಧಿಕಾರಿಗಳೇ,

ಈ ಬೆಳಿಗ್ಗೆ ನಮ್ಮ ಕೌಂಟರಿಗೆ ನಮ್ಮದೇ ಕಚೇರಿಯ ಪತ್ರವೊಂದು ವಾಪಸು ಬಂತು. ಅದರ ಮೂರನೇ ಸಾಲಿನ ಕೆಳಗೆ ಸ್ಕೇಲಿಟ್ಟು ಎಳೆದಷ್ಟು ನೇರವಾದ ಪೆನ್ಸಿಲ್ ಗೆರೆಯಿತ್ತು. ಅಂಚಿನಲ್ಲಿ ‘ಅತ್ಯುತ್ತಮ’ ಎಂಬ ಷರಾ ಇತ್ತು. ಉಕ್ರೇನಿನ ಡಾ. ಯಾರೆಮಾ ಅವರಿಗೆ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಅರ್ಹತೆಯಿಲ್ಲವೆಂದು, ಹೊರದೇಶದ ಓದನ್ನು ತೂಗಿ ನೋಡುವ ತಮ್ಮ ಕಚೇರಿ ತಿಳಿಸಿದ ಪತ್ರ ಅದು. ತೀರ್ಮಾನ ತಮ್ಮದು, ವಾಕ್ಯಗಳು ನನ್ನವು. ಆ ತೀರ್ಮಾನ ತಪ್ಪು ಎಂದು ಹೇಳಲು ಈ ಬಹಿರಂಗ ಪತ್ರ.

ತಮಗೆ ನನ್ನ ಗುರುತು ಇರಲಾರದು. ಫೋಟೊಕಾಪಿ ಯಂತ್ರಕ್ಕೂ ಕುಂಡದ ಗಿಡಕ್ಕೂ ನಡುವೆ ಕೂರುವವಳು ನಾನು. ಸಾಹಿತ್ಯ ಓದಿದವಳೆಂದು ತಿಳಿದ ದಿನವೇ ಕಚೇರಿಯ ‘ಇಲ್ಲ’ಗಳನ್ನೆಲ್ಲ ನನ್ನ ಮೇಜಿಗೆ ವರ್ಗಾಯಿಸಿದಿರಿ. ಎರಡು ವರ್ಷದಲ್ಲಿ ಎಷ್ಟು ಜನರ ‘ಶ್ರೀಮಂತ ಅನುಭವವನ್ನು ಮನಸಾರೆ ಗೌರವಿಸುತ್ತಲೇ’ ಬಾಗಿಲು ಹಾಕಿದ್ದೇನೋ! ಐದು ವರ್ಷ ಕಾವ್ಯಮೀಮಾಂಸೆ ಓದಿದ್ದು ಇದಕ್ಕೇ ಇರಬೇಕು.

ಡಾ. ಯಾರೆಮಾ ಅವರ ಕಡತವನ್ನು ನಾನು ಓದಿದ್ದೇನೆ. ತಾವು ಅದರ ಮೊದಲ ಪುಟ ಓದಿದ್ದೀರಿ. ಅವರು ಭೂಕಂಪ ತಜ್ಞರು. ಹತ್ತು ವರ್ಷ ನೆಲದ ನಡುಕ ಅಳೆದರು. ಅವರ ದೇಶ ಆಗಷ್ಟೇ ಸ್ವತಂತ್ರವಾಗಿತ್ತು. ದೂರದಲ್ಲಿ ಯಾರೋ ಗುಟ್ಟಾಗಿ ಅಣುಬಾಂಬ್ ಸಿಡಿಸಿದರೆ ಅದು ಬಾಂಬೋ ಭೂಕಂಪವೋ ಎಂದು ಹೇಳಬಲ್ಲವರು ಅಣುಪರೀಕ್ಷೆ ನಿಷೇಧದ ಒಪ್ಪಂದದ ಮಾತುಕತೆಗೆ ಬೇಕಾದರು. ಹೋದರು, ಆ ಕೆಲಸದಲ್ಲೇ ಉಳಿದರು. ನಾಲ್ಕು ದೇಶ, ಇಪ್ಪತ್ತಾರು ವರ್ಷ ರಾಯಭಾರ ಕಚೇರಿಗಳ ಕೆಲಸ. ಯುದ್ಧ ಶುರುವಾದ ಮೇಲೆ ಈ ದ್ವೀಪದೇಶಕ್ಕೆ ಬಂದು, ನಮ್ಮ ಅಪ್ಪರ್ ಹಟ್ ಊರಿನಲ್ಲಿರುವ ಮಗಳ ಮನೆ ಸೇರಿದರು. ಇಲ್ಲಿನ ಶಾಲೆಯೊಂದು ಭೌತಶಾಸ್ತ್ರದ ಶಿಕ್ಷಕರಿಲ್ಲದೆ ಫೆಬ್ರವರಿಯಿಂದ ಮಕ್ಕಳಿಗೆ ವಿಡಿಯೊ ತೋರಿಸಿ ಕಾಲ ತಳ್ಳುತ್ತಿದೆ. ಮುಂದಿನ ಟರ್ಮ್ ಶುರುವಾಗುವವರೆಗೆ ಇವರಿಗಾಗಿ ಜಾಗ ಕಾಯ್ದಿರಿಸಿದೆ. ಅದಕ್ಕಿನ್ನು ಹನ್ನೊಂದು ದಿನ.

ಕಡತದ ಮೇಲೆ ತಾವು ಅಂಟಿಸಿದ ಹಳದಿ ಚೀಟಿ ಹೀಗಿದೆ: ‘ವಿಜ್ಞಾನಿಯೋ, ರಾಜತಾಂತ್ರಿಕನೋ? ನಮ್ಮ ನಮೂನೆಯಲ್ಲಿರುವುದು ಒಂದೇ ಚೌಕ. ಬೇಡ ಎನ್ನಿ.’ ನಮೂನೆಯಲ್ಲಿ ಚೌಕ ಕಡಿಮೆಯಾದರೆ ಅದು ಬದುಕಿದವನ ತಪ್ಪೇ? ನೆಲದ ಬಿರುಕಿನ ಮೇಲೆಯೇ ಮನೆ ಕಟ್ಟಿಕೊಂಡಿರುವ ನಮ್ಮ ಈ ಕಣಿವೆಯ ಮಕ್ಕಳಿಗೆ ಭೂಕಂಪ ಬಲ್ಲವರು ಬೇಡವೇ? ವರ್ಷಕ್ಕೊಮ್ಮೆ ನಾವೆಲ್ಲ ಮೇಜಿನಡಿ ತೂರಿ ಭೂಕಂಪದ ತಾಲೀಮು ಮಾಡುವಾಗ ತಾವು ಮಾತ್ರ ಕಾಫಿಗೆ ಹೋಗಿರುತ್ತೀರಿ. ಬಹುಶಃ ಭೂಕಂಪವೂ ತಮ್ಮ ಬಳಿ ಅರ್ಜಿ ಹಾಕಿಯೇ ಬರಬೇಕು.

ಈಗ ಬೆಳಗಿನ ಸಂಗತಿ. ಟಪಾಲು ನೋಡಿಕೊಳ್ಳುವ ಲಿಂಗರಾಜ ಅಂಕಲ್ ಕೌಂಟರಿನಿಂದಲೇ ಕೂಗಿದರು: “ಏ ನಿಶತ್, ಬಾರವಾ ಇಲ್ಲೆ! ನಿನ್ನ ಲೆಟರಿಗೆ ಫಸ್ಟ್ ಕ್ಲಾಸ್ ಬಂದೈತಿ!”

“ಅಂಕಲ್, ನಾ ಇಲ್ಲ ಅಂತ ಹೇಳ್ರಿ,” ಎಂದೆ ಮೆಲ್ಲಗೆ.

“ಇಲ್ಲ ಅನ್ನೋದು ನಿನಗ ರೂಢಿನ ಆಗಿಬಿಟ್ಟೈತಿ. ಗಿಡದ ಹಿಂದ ಕುಂತ್ರ ಕಾಣಂಗಿಲ್ಲ ಅಂದ್ಕೊಂಡಿಯೇನು?”

ಹೋದೆ. ಡಾ. ಯಾರೆಮಾ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. “ಬರೆದವರು ನೀವೋ?” ಎಂದರು ಇಂಗ್ಲಿಷಿನಲ್ಲಿ. “ನಗುತ್ತ ಇಲ್ಲವೆನ್ನುವುದು ಇಪ್ಪತ್ತಾರು ವರ್ಷ ನನ್ನ ಕಸುಬಾಗಿತ್ತು. ಇಷ್ಟು ಮೆತ್ತಗಿನ ಇಲ್ಲ ಒಂದನ್ನೂ ಬರೆಯಲಾಗಲಿಲ್ಲ. ನನ್ನ ಮಗಳು ಇದನ್ನು ಓದಿ, ಕೆಲಸ ಸಿಕ್ಕಿತೆಂದು ಕೇಕ್ ತಂದಳು.”

ಕೌಂಟರಿನ ಮೇಲಿದ್ದ ಆ ಪತ್ರವನ್ನು ನನ್ನ ಕಡೆ ಎಳೆದುಕೊಂಡೆ.

“ಒಂದೇ ಒಂದು ಟೀಕೆ,” ಎಂದರು. “ಒಳ್ಳೆಯ ನಿರಾಕರಣೆಯೊಳಗೆ ಎಲ್ಲೋ ಒಂದು ಕಾರಣ ಅಡಗಿರುತ್ತದೆ. ನಾಲ್ಕು ಸಲ ಓದಿದೆ, ಸಿಗಲಿಲ್ಲ. ಕಾರಣ ಇದೆಯೇ?”

ಇತ್ತು. ಆ ಹಳದಿ ಚೀಟಿ ನನ್ನ ಡ್ರಾಯರಿನಲ್ಲಿತ್ತು. “ವಿಚಾರಿಸುತ್ತೇನೆ,” ಎಂದೆ. ಆ ಮಾತಿನ ಅರ್ಥ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಲೆಬಾಗಿಸಿ, ಟೋಪಿ ಹಾಕಿಕೊಂಡು ಹೊರಟರು. ಲಿಂಗರಾಜ ಅಂಕಲ್ ಈ ಸಲ ನನ್ನನ್ನು ಕಿಚಾಯಿಸಲಿಲ್ಲ. “ಕೇಕ್ ತಂದಿದ್ರಂತ ನೋಡು,” ಎಂದಷ್ಟೇ ಹೇಳಿ ಟಪಾಲಿನ ಕಡೆ ತಿರುಗಿದರು.

ಆದ್ದರಿಂದ, ಮಾನ್ಯರೇ, ಆ ಕಡತವನ್ನು ಮತ್ತೆ ತೆರೆಯಿರಿ. ಎರಡನೇ ಪುಟದಿಂದ ಓದಿದರೂ ಸಾಕು. ಆಮೇಲೂ ಬೇಡವೆನಿಸಿದರೆ ಕಾರಣವನ್ನು ತಾವೇ ಬರೆದು, ತಮ್ಮ ಹೆಸರು ಹಾಕಿ ಕಳಿಸಿ. ಅದನ್ನು ನಾನು ಚೆಂದಗೊಳಿಸುವುದಿಲ್ಲ. ಹನ್ನೊಂದು ದಿನವಿದೆ.

ನಮ್ಮ ಕನ್ನಡ ಬಳಗದ ಜಾಲತಾಣಕ್ಕೆಂದು ಈ ಪತ್ರ ಬರೆಯಲು ಕೂತಾಗ, ತಾವು ಕನ್ನಡ ಓದಲಾರಿರಿ ಎಂಬುದೇ ನನ್ನ ಧೈರ್ಯವಾಗಿತ್ತು. ಬರೆದು ಮುಗಿಸುವ ಹೊತ್ತಿಗೆ ಇದೂ ಗಿಡದ ಹಿಂದೆ ಕೂತಂತೆಯೇ ಎನಿಸಿತು. ಈಗ ಇಂಗ್ಲಿಷಿಗೆ ಇಳಿಸುತ್ತಿದ್ದೇನೆ. ನಾಳೆ ತಾವು ಕಾಫಿಗೆ ಹೊರಡುವ ಮೊದಲು ಅದು ತಮ್ಮ ಮೇಜಿನ ಮೇಲಿರುತ್ತದೆ, ಹಳದಿ ಚೀಟಿಯ ಸಮೇತ. ಇನ್ನೊಂದು ಪ್ರತಿ ಡಾ. ಯಾರೆಮಾ ಅವರಿಗೆ, ಕಾರಣ ಕೇಳಿದ್ದರಲ್ಲ.

ಇಂತಿ,
ಇಷ್ಟು ದಿನ ‘ಕಚೇರಿಯ ಪರವಾಗಿ’ ಎಂದಷ್ಟೇ ಸಹಿ ಹಾಕುತ್ತಿದ್ದ,
ಗದಗಿನ ನಿಶತ್
ಅಪ್ಪರ್ ಹಟ್