ಪುಸ್ತಕ ಕೊಯ್ದವರ ಕಡೆಯಿಂದ ಒಂದು ವಿನಂತಿ

ಮಾನ್ಯ ಗ್ರಂಥ ಸಂರಕ್ಷಣಾಧಿಕಾರಿಗಳೇ,

ನಿಮ್ಮ ಗ್ರಂಥಾಲಯದ ಸಾಹಿತ್ಯ ಚರಿತ್ರೆಯ ಪುಸ್ತಕವನ್ನು ಎರಡು ಭಾಗ ಮಾಡಿದ್ದು ನಿಜ. ಮೊದಲ ಭಾಗ ಶಹಾಪುರದಲ್ಲಿ, ನಮ್ಮ ಬೀಜ-ಗೊಬ್ಬರದ ಅಂಗಡಿಯ ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿದೆ. ಎರಡನೆಯ ಭಾಗ ಸುರಪುರದಲ್ಲಿ, ಗುಲಫಶಾ ಎಂಬ ಹುಡುಗಿಯ ಮನೆಯ ಗೋಡೆಗೂಡಿನಲ್ಲಿದೆ. ಎರಡೂ ಕ್ಷೇಮವಾಗಿವೆ. ಆದರೆ ಎರಡನ್ನೂ ಈ ವಾರದೊಳಗೆ ಯಾದಗಿರಿಯ ಕಚೇರಿಗೆ ತಂದೊಪ್ಪಿಸಬೇಕು, ಕೊಯ್ದವರು ಯಾರೆಂದು ಬರೆದುಕೊಡಬೇಕು, ಅವರ ಸದಸ್ಯತ್ವ ಶಾಶ್ವತವಾಗಿ ರದ್ದಾಗುತ್ತದೆ ಎಂದು ನೋಟಿಸು ಕಳಿಸಿದ್ದೀರಲ್ಲ, ನನ್ನ ತಕರಾರು ಅದರ ಮೇಲೆ. ಮುಂದಿನ ತಿಂಗಳು ಎಂ.ಎ. ಕನ್ನಡದ ಪ್ರವೇಶ ಪರೀಕ್ಷೆ. ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಪುಸ್ತಕದಿಂದಲೇ ಬರುತ್ತವೆಯಂತೆ. ಅದಿಲ್ಲದೆ ನಾನು ಪರೀಕ್ಷೆಗೆ ಕೂರುವುದೂ ಅಂಗಡಿಯಲ್ಲಿ ಕೂರುವುದೂ ಒಂದೇ. ಗುಲಫಶಾಳಿಗೆ ಕೂರಲು ಅಂಗಡಿಯೂ ಇಲ್ಲ.

ನಿಮ್ಮ ನೋಟಿಸಿನ ಭಾಷೆಯನ್ನು ಮೆಚ್ಚದೆ ಇರಲಾರೆ. ‘ಸದರಿ ಗ್ರಂಥವನ್ನು ದುರುದ್ದೇಶಪೂರ್ವಕವಾಗಿ ಛೇದಿಸಿ’ ಎಂದು ಬರೆದಿದ್ದೀರಿ. ನಲವತ್ತು ದಾಟಿದ ನನ್ನ ಮೇಲೆ ಇಲ್ಲಿಯವರೆಗೆ ಯಾರೂ ಯಾವ ಉದ್ದೇಶವನ್ನೂ ಹೊರಿಸಿರಲಿಲ್ಲ. ಮೊದಲ ಸಲ ಹೊರಿಸಿದವರು ನೀವು, ಅದರಲ್ಲೂ ದುರುದ್ದೇಶ. ಓದಿ ಸ್ವಲ್ಪ ಹೆಮ್ಮೆಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಮಾತು ಕೇಳಬೇಕು. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ಓದುಗರಿಗೆಂದು ಒಂದೇ ಒಂದು ಪ್ರತಿ ಕೊಂಡಿಟ್ಟವರು ಮಾಡಿದ್ದು ಸಂರಕ್ಷಣೆ, ಆ ಒಂದನ್ನು ಎರಡು ಮಾಡಿ ಇಬ್ಬರು ಏಕಕಾಲಕ್ಕೆ ಓದುವಂತೆ ಮಾಡಿದವರದು ಛೇದನ. ಇದು ಯಾವ ಲೆಕ್ಕ ಸ್ವಾಮಿ?

ಮೊದಲಿಂದ ಹೇಳುತ್ತೇನೆ. ಮಗಳು ಶಿವರಂಜನಿ ನರ್ಸಿಂಗ್ ಓದಲು ಹಾಸ್ಟೆಲ್ ಸೇರಿದ ಮೇಲೆ, ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದ್ದ ನನಗೆ ಎಂ.ಎ. ಮಾಡುವ ಹುಚ್ಚು ಹತ್ತಿತು. ನನ್ನ ಗಂಡ ಬಸವಲಿಂಗ ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಸುಮ್ಮನೆ ಓದಿಕೊಂಡಿರುತ್ತಿದ್ದೆ. ಆತ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ‘ನಮ್ಮಾಕಿ ಎಂ.ಎ. ಓದಾಕತ್ಯಾಳ’ ಎಂದು ಹೇಳುತ್ತಾ ಹೋದ. ಏನು ಓದುತ್ತಾಳೆಂದು ಹೇಳಲಿಲ್ಲ. ಹತ್ತಿಕುಣಿಯ ಕಡೆಯ ರೈತನೊಬ್ಬ ಹಳದಿಯಾದ ತೊಗರಿ ಎಲೆಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು ನನ್ನ ಮುಂದೆ ಸುರಿದ. ‘ಭೀಮರಾಯನಗುಡಿ ಕೃಷಿ ಕಾಲೇಜಿನ್ಯಾಗ ಓದಾಕತ್ತೀರಂತಲ್ರಿ ಅಕ್ಕಾರ, ಇದಕ್ಕ ಏನ್ ರೋಗ ಬಂದಾದ ನೋಡ್ರಿ’ ಎಂದ. ನಾನು ಓದುತ್ತಿರುವುದು ಕೃಷಿಯಲ್ಲ, ಹಳಗನ್ನಡ ಎಂದೆ. ಅವನು ಎಲೆಗಳನ್ನು ಒಂದೊಂದಾಗಿ ಆಯ್ದುಕೊಂಡು ಟವೆಲಿಗೆ ಹಾಕಿ, ‘ಅದರಾಗ ತೊಗರಿ ಬರಂಗಿಲ್ಲೇನ್ರಿ’ ಎಂದು ನಿಜವಾಗಿಯೂ ಬೇಸರಪಟ್ಟುಕೊಂಡು ಹೋದ. ಅಂದಿನಿಂದ ಹಳಗನ್ನಡದಲ್ಲಿ ತೊಗರಿ ಎಲ್ಲಿದೆಯೆಂದು ನಾನೂ ಹುಡುಕುತ್ತಿದ್ದೇನೆ.

ಪಠ್ಯಸೂಚಿಯಲ್ಲಿದ್ದ ಪುಸ್ತಕ ಎಲ್ಲಿಯೂ ಮಾರಾಟಕ್ಕಿಲ್ಲ. ಅಚ್ಚು ನಿಂತು ನನ್ನ ಮದುವೆಯಷ್ಟೇ ವರ್ಷವಾಗಿದೆ. ನಿಮ್ಮ ಶಹಾಪುರ ಶಾಖೆಗೆ ಹೋದಾಗಲೆಲ್ಲ ಆ ಜಾಗ ಖಾಲಿ. ಶಾಖೆಯ ಸಹಾಯಕ ಮಹಾದೇವಪ್ಪನವರು ನನ್ನನ್ನು ಕಂಡ ಕೂಡಲೇ ತಲೆ ಅಲ್ಲಾಡಿಸುತ್ತಿದ್ದರು. ‘ಸುರಪುರದ ಗುಲಫಶಾ ಅಂತ ಒಬ್ಬಾಕಿ ಒಯ್ದಾಳ್ರಿ ಅಕ್ಕಾರ. ವಾಯಿದೆ ಮುಗಿದ ದಿನ ತರತಾಳ, ಇಲ್ಲೇ ನಿಂತು ಮತ್ತ ತನ್ನ ಹೆಸರಿಗೆ ಬರಸ್ಕೊಂಡು ಒಯ್ತಾಳ. ನಾ ಏನ್ ಮಾಡಲಿ, ಕಾನೂನಿನ್ಯಾಗ ಅದ.’

ಒಂದು ಭಾನುವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು, ಜಗಳಕ್ಕೆಂದೇ ಸುರಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಮನೆ ಹುಡುಕಿ ಬಾಗಿಲಲ್ಲಿ ನಿಂತರೆ, ಒಳಗೆ ತೆಳ್ಳಗಿನ ಹುಡುಗಿಯೊಬ್ಬಳು ಆ ದಪ್ಪ ಪುಸ್ತಕವನ್ನು ಜೋರಾಗಿ ಓದುತ್ತಿದ್ದಳು. ಎದುರಿಗೆ ಅವಳಜ್ಜಿ ಖುರ್ಷೀದಬೇಗಂ ಈಳಿಗೆಯ ಮೇಲೆ ಉಳ್ಳಾಗಡ್ಡಿ ಹೆಚ್ಚುತ್ತಾ ಕೇಳುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕೈಸನ್ನೆ ಮಾಡಿ ಕೂರಿಸಿದಳು. ‘ಕೂಡ್ರವಾ, ಜರಾ ತಡಿ. ಆ ಕವಿನ್ನ ರಾಜಾ ಊರು ಬಿಡಸ್ಯಾನ. ಆಮ್ಯಾಲ ಏನಾತು ಕೇಳೂಣು.’ ಕೂತೆ. ಆಮೇಲೆ ಏನಾಯಿತೆಂದು ನನಗೂ ಗೊತ್ತಿರಲಿಲ್ಲವಲ್ಲ. ಅಧ್ಯಾಯ ಮುಗಿಯುವಷ್ಟರಲ್ಲಿ ಚಹಾ ಬಂದಿತ್ತು, ಬೈಗುಳಗಳು ಒಂದೂ ನೆನಪಿರಲಿಲ್ಲ. ‘ನೀವೂ ಪರೀಕ್ಷಾ ಬರೀತೀರೇನ್ರಿ ಅಕ್ಕಾ? ನಾ ನಿಮ್ಮನ್ನ ಗ್ರಂಥಾಲಯದ ಸಾಹೇಬರು ಅನ್ಕೊಂಡು ಅಂಜಿದ್ದೆ’ ಎಂದಳು ಗುಲಫಶಾ. ನನ್ನನ್ನು ನೀವೆಂದು ತಿಳಿದವಳು ಅವಳೊಬ್ಬಳೇ. ಅದು ಸೀರೆಯ ತಪ್ಪು.

ವಾರಕ್ಕೊಬ್ಬರಂತೆ ಓದುವುದು, ನಮ್ಮ ಕಡೆ ಟಿಫಿನ್ ಡಬ್ಬಿಯಿಂದ ಔಷಧಿಯವರೆಗೆ ಎಲ್ಲವನ್ನೂ ಕಳಿಸುವಂತೆ ಪುಸ್ತಕವನ್ನೂ ಬಸ್ ಕಂಡಕ್ಟರನ ಕೈಯಲ್ಲಿ ಕಳಿಸುವುದು ಎಂದು ಮಾತಾಯಿತು. ಎರಡನೆಯ ಸಲವೇ ಅದು ಶಹಾಪುರದಲ್ಲಿ ಇಳಿಯಲಿಲ್ಲ. ಕಂಡಕ್ಟರನಿಗೆ ದಾರಿಯಲ್ಲಿ ಡ್ಯೂಟಿ ಬದಲಾಗಿ, ಕನ್ನಡ ಸಾಹಿತ್ಯದ ಚರಿತ್ರೆ ಯಾತ್ರಿಕರ ಜೊತೆ ಕೊಡೇಕಲ್ಲಿಗೆ ಹೋಗಿಬಂತು. ಮರಳಿ ಬಂದಾಗ ಪುಟಗಳ ನಡುವೆ ವಿಭೂತಿ ಇತ್ತು, ಮುಖಪುಟ ಇರಲಿಲ್ಲ. ಜೆರಾಕ್ಸ್ ಅಂಗಡಿಯ ಮೌನಪ್ಪನಲ್ಲಿಗೆ ಒಯ್ದರೆ ಎರಡು ಪುಟ ತೆಗೆದು ಕೈಚೆಲ್ಲಿದ. ‘ಇದು ಹಾಳಿ ಅಲ್ರಿ ಅಕ್ಕಾರ, ಸುಟ್ಟ ಹಪ್ಪಳ. ಪ್ರತಿ ತೆಗದರ ಬರೇ ಕರ್ರಗ ಬರತದ.’ ಫೋನಿನಲ್ಲಿ ಫೋಟೊ ತೆಗೆದು ನೋಡಿದೆ. ಅಕ್ಷರಗಳಿಗಿಂತ ನನ್ನ ಹೆಬ್ಬೆರಳೇ ಸ್ಪಷ್ಟವಾಗಿ ಬಂತು. ಗುಲಫಶಾಳ ಮನೆಯಲ್ಲಿದ್ದ ಫೋನಿಗೆ ಮಾತಾಡುವುದು ಬಿಟ್ಟರೆ ಬೇರೇನೂ ಬಾರದು.

ಹೀಗೆ ನಾವಿಬ್ಬರೂ ಶಹಾಪುರದ ಬೈಂಡಿಂಗ್ ಅಂಗಡಿಯ ಮನ್ಸೂರಅಲಿಯ ಮುಂದೆ ನಿಂತೆವು. ಆತ ಪುಸ್ತಕವನ್ನು ಹಲಗೆಯ ಮೇಲಿಟ್ಟು, ‘ಎಲ್ಲಿ ಕೊಯ್ಯಲಿ’ ಎಂದು ಕೇಳಿದ. ಮಾನ್ಯರೇ, ಇಂಥ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ಯಾರೂ ಕೇಳಲಾರರು. ವಚನಗಳ ಕಾಲ ತನಗಿರಲಿ ಎಂದಳು ಗುಲಫಶಾ. ಅದು ನನಗೇ ಬೇಕೆಂದು ನಾನು ಹಟ ಹಿಡಿದೆ. ಹೊಲ ಹಂಚಿಕೊಳ್ಳುವ ದಾಯಾದಿಗಳ ಹಾಗೆ ಶತಮಾನಗಳಿಗೆ ಬಡಿದಾಡಿದೆವು. ಮನ್ಸೂರಅಲಿ ಬೀಡಿಯೊಂದು ಮುಗಿಯುವವರೆಗೆ ಕೇಳಿಸಿಕೊಂಡ. ‘ನೀವು ಶತಮಾನ ಅಂತೀರಿ, ನನಗ ದಾರ ಕಾಣಸ್ತದ. ಹೊಲಿಗಿ ಎಲ್ಲಿ ಬಿಡತದ, ಅಲ್ಲೇ ಬಿಚ್ಚತೀನಿ’ ಎಂದು ಬಿಚ್ಚಿಯೇಬಿಟ್ಟ. ವಚನಗಳು ನನ್ನ ಪಾಲಿಗೆ ಬಂದವು. ಗೆದ್ದ ಖುಷಿಯಲ್ಲಿ ನನ್ನ ಭಾಗದ ಕೊನೆಯ ಪುಟ ನೋಡಿದರೆ, ಒಂದು ವಾಕ್ಯ ಅರ್ಧಕ್ಕೆ ನಿಂತಿತ್ತು: ‘ಹೀಗಾಗಿ ಈ ಕವಿಯ ನಿಜವಾದ ಹಿರಿಮೆ ಇರುವುದು ಎಲ್ಲಿ ಎಂಬುದನ್ನು’. ಉಳಿದದ್ದು ಅದಾಗಲೇ ಸುರಪುರದ ಬಸ್ಸು ಹತ್ತಿತ್ತು. ಅವಳು ಮನೆ ಮುಟ್ಟುವವರೆಗೆ ನನಗೆ ಅನ್ನ ಸೇರಲಿಲ್ಲ. ಆ ಹಿರಿಮೆ ಎಲ್ಲಿರಬಹುದೆಂದು ಊಹಿಸಿ ಊಹಿಸಿ ಗಿರಾಕಿಯೊಬ್ಬನಿಗೆ ಹತ್ತಿ ಬೀಜದ ಬದಲು ಸಜ್ಜೆ ಬೀಜ ಕೊಟ್ಟೆ. ಕೊನೆಗೆ ಅವಳು ಫೋನು ಮಾಡಿ ಓದಿದಳು: ‘ವಿದ್ವಾಂಸರು ಇನ್ನೂ ನಿರ್ಧರಿಸಬೇಕಾಗಿದೆ.’

ಮಹಾಪಂಡಿತರಿಗೂ ಗೊತ್ತಿಲ್ಲದ್ದು ನನಗೂ ಗೊತ್ತಿಲ್ಲವೆಂದು ತಿಳಿದು ಧೈರ್ಯ ಬಂತು. ಅಂದಿನಿಂದ ಅಂಗಡಿಯ ಶಟರ್ ಎಳೆದ ಮೇಲೆ ದಿನಾ ಫೋನು. ಅವಳಿಗೆ ನನ್ನ ಭಾಗವನ್ನು ನಾನು ಹೇಳಬೇಕು, ನನಗೆ ಅವಳ ಭಾಗವನ್ನು ಅವಳು. ಅಜ್ಜಿ ಪಕ್ಕದಲ್ಲೇ ಕೂತು ಕೇಳುತ್ತಾಳೆ. ‘ರಾಜರೆಲ್ಲಾ ನಿಮ್ಮ ಪಾಲಿಗೇ ಹೋದ್ರಲ್ಲವಾ. ನಮ್ಮ ಕಡೆ ಬರೇ ಸಂಘ-ಸಂಸ್ಥೆ ಉಳದಾವ’ ಎಂದು ಅವಳದೊಂದು ನಿತ್ಯದ ದೂರು. ಸತ್ಯ ಹೇಳಬೇಕೆಂದರೆ, ಎದುರಾಳಿಗೆ ಎಲ್ಲವನ್ನೂ ಬಿಟ್ಟುಕೊಡಬಾರದು, ಒಳ್ಳೆಯ ಒಂದೆರಡು ವಿಷಯ ಬಚ್ಚಿಟ್ಟುಕೊಳ್ಳಬೇಕು ಎಂದು ನಾನು ಮೊದಲ ದಿನವೇ ನಿಶ್ಚಯಿಸಿದ್ದೆ. ಆಗಲಿಲ್ಲ. ಕೇಳುವವರು ಸಿಕ್ಕರೆ ಸುಮ್ಮನಿರುವ ಗುಣ ನನ್ನಲ್ಲಿಲ್ಲ. ಬಚ್ಚಿಡಬೇಕೆಂದುಕೊಂಡದ್ದನ್ನೇ ಎರಡೆರಡು ಸಲ ಹೇಳಿದೆ. ಹೇಳಿಕೊಡಲೆಂದು ಓದಿದ್ದಕ್ಕೆ ನನಗೇ ಅರ್ಥವಾಗತೊಡಗಿತು. ಒಂದು ಸಂಜೆ, ವಚನವೊಂದನ್ನು ಓದಿ ಹೇಳಿದ ಮೇಲೆ, ಗುಲಫಶಾ, ‘ಪುಸ್ತಕದಾಗಿಂದು ಇರಲಿ ಅಕ್ಕಾ, ನಿಮಗ ಏನ್ ಅನಸ್ತದ?’ ಎಂದಳು.

ಅಧಿಕಾರಿಗಳೇ, ಇಪ್ಪತ್ತು ವರ್ಷದಿಂದ ಆ ಅಂಗಡಿಯಲ್ಲಿ ಕೂತಿದ್ದೇನೆ. ಯೂರಿಯಾ ಬಂದಿದೆಯೇ, ರೇಟು ಎಷ್ಟು, ಯಜಮಾನರು ಎಲ್ಲಿ, ಇವನ್ನೇ ಕೇಳುತ್ತಾರೆ. ನಿನಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ. ಎಂ.ಎ. ತರಗತಿಯಲ್ಲಿ ಬೆಂಚಿನ ಮೇಲೆ ಕೂತರೆ ಒಂದು ದಿನವಾದರೂ ಯಾರಾದರೂ ಕೇಳಿಯಾರು ಎಂಬುದೇ ನನ್ನ ಒಳಗಿನ ಆಸೆಯಾಗಿತ್ತು. ಅದು ಅರ್ಜಿ ಹಾಕುವ ಮೊದಲೇ, ಯೂರಿಯಾ ಚೀಲದ ಮೇಲೆ ಕೂತಿದ್ದಾಗ ನಡೆದುಹೋಯಿತು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಕಣ್ಣು ತುಂಬಿತ್ತೆಂಬುದು ಮಾತ್ರ ನೆನಪಿದೆ.

ಸಿಕ್ಕಿಬಿದ್ದದ್ದು ನನ್ನ ದಡ್ಡತನದಿಂದ. ಕೊಯ್ಯುವ ಮೊದಲೇ, ಗುಲಫಶಾಳ ವಾಯಿದೆ ಮುಗಿದ ದಿನ, ಪುಸ್ತಕವನ್ನು ನನ್ನ ಹೆಸರಿಗೆ ಬರೆಸಿಕೊಂಡಿದ್ದೆವು. ಅವಧಿ ಮುಂದುವರಿಸಲು ಅದನ್ನು ಶಾಖೆಗೆ ಒಯ್ದು ತೋರಿಸಬೇಕು. ಒಳಗೆ ಯಾರು ತೆರೆದು ನೋಡುತ್ತಾರೆ ಎಂದು ನನ್ನ ಅರ್ಧವನ್ನಷ್ಟೇ ಹಿಡಿದುಕೊಂಡು ಹೋದೆ. ಮನ್ಸೂರಅಲಿ ಅದಕ್ಕೆ ನಮ್ಮ ಅಂಗಡಿಯದೇ ಹತ್ತಿ ಬೀಜದ ಪೋಸ್ಟರಿನಿಂದ ರಟ್ಟು ಹಾಕಿದ್ದ. ಮಹಾದೇವಪ್ಪನವರು ತೆರೆಯಲೇ ಇಲ್ಲ. ಕೈಯಲ್ಲಿ ತೂಗಿ ನೋಡಿ, ‘ಪುಸ್ತಕ ಭಾಳ ಸೊರಗ್ಯಾದಲ್ರಿ ಅಕ್ಕಾರ’ ಎಂದರು. ಇನ್ನರ್ಧ ಯಾರ ಮನೆಯಲ್ಲಿದೆಯೆಂದು ನಾನೇ ಬಾಯಿಬಿಟ್ಟೆ. ಆಮೇಲಿನದು ನಿಮ್ಮ ಕಡತದಲ್ಲಿದೆ.

ನಿಮ್ಮ ನೋಟಿಸಿನಲ್ಲಿ ಒಂದು ಉಪಕಾರವೂ ಇತ್ತು. ಕೊಯ್ದವರು ಒಬ್ಬರೇ ಆಗಿದ್ದರೆ, ಇನ್ನೊಬ್ಬ ಸದಸ್ಯೆಗೆ ಮರುಹೊಲಿಗೆಯಾದ ಪುಸ್ತಕವನ್ನು ಪರೀಕ್ಷೆಯ ತನಕ ಕೊಡಲಾಗುವುದು ಎಂದಿದ್ದಿರಿ. ಅದನ್ನು ಓದಿದ ದಿನವೇ ಕೂತು ನಾನು ತಪ್ಪೊಪ್ಪಿಗೆ ಬರೆದೆ. ಗುಲಫಶಾಳಿಗೆ ಇದರಲ್ಲಿ ಏನೂ ಸಂಬಂಧವಿಲ್ಲ, ನಾನೊಬ್ಬಳೇ ಕೊಯ್ದೆ ಎಂದು ಮೂರು ಪುಟ, ಒಂದೂ ಕಾಗುಣಿತ ತಪ್ಪಿಲ್ಲದಂತೆ. ಬರೆಯುತ್ತಾ ನನ್ನ ತ್ಯಾಗಕ್ಕೆ ನಾನೇ ಮೂಗು ಒರೆಸಿಕೊಂಡೆ. ಇಡೀ ಪುಸ್ತಕ ನನ್ನ ಕೈಯಲ್ಲಿದ್ದು, ಆ ತುದಿಯಲ್ಲಿ ಕೇಳುವ ಹುಡುಗಿ ಇಲ್ಲವೆಂದರೆ ಆ ಓದು ನನಗೆ ಬೇಡವೇ ಬೇಡ. ಟಪಾಲಿಗೆ ಹಾಕಿ, ಯಾರಿಗೂ ಹೇಳದೆ, ದೊಡ್ಡ ಮನುಷ್ಯಳ ಹಾಗೆ ಓಡಾಡಿಕೊಂಡಿದ್ದೆ.

ಅಷ್ಟರಲ್ಲಿ ನಿಮ್ಮ ಗುಮಾಸ್ತರು ಫೋನು ಮಾಡಿದರು. ‘ಏನ್ರೀ ಇದು, ನಾಲ್ಕು ಮಂದಿ ಕೊಯ್ದೀವಿ ಅಂತ ಬರದೀರಿ. ನೀವ್ ನಿಮ್ಮೊಳಗ ಕೂತು ಒಬ್ಬರ ಹೆಸರು ಪಕ್ಕಾ ಮಾಡಿ ಹೇಳ್ರಿ. ನಾ ಕಡತ ಮುಚ್ಚಬೇಕು.’ ಗುಲಫಶಾಳ ಪತ್ರ ನನ್ನದಕ್ಕಿಂತ ಮೊದಲೇ ಬಂದಿತ್ತಂತೆ. ಅಕ್ಕನಿಗೆ ವಯಸ್ಸಾಗಿದೆ, ನಾನು ಮುಂದಿನ ವರ್ಷವೂ ಬರೆಯಬಹುದು, ಕೊಯ್ದದ್ದು ನಾನೇ ಎಂದು ಅದರಲ್ಲಿತ್ತಂತೆ. ಆ ‘ವಯಸ್ಸಾಗಿದೆ’ಗೆ ಉತ್ತರವನ್ನು ನಾನು ಅವಳಿಗೆ ಬೇರೆಯಾಗಿ ಕೊಟ್ಟಿದ್ದೇನೆ. ಮನ್ಸೂರಅಲಿ ಖುದ್ದಾಗಿ ಬಂದು, ಕೈ ನನ್ನದು, ಗುನ್ನೆಯೂ ನನ್ನದೇ ಎಂದು ಬರೆಸಿ ಹೋಗಿದ್ದ. ನಾಲ್ಕನೆಯದು ಖುರ್ಷೀದಬೇಗಂ ಹೆಬ್ಬೆಟ್ಟು ಒತ್ತಿ ಕಳಿಸಿದ್ದು: ಉಳ್ಳಾಗಡ್ಡಿ ಹೆಚ್ಚುವ ಈಳಿಗೆಯಿಂದ ನಾನೇ ಹೆಚ್ಚಿದೆ, ಮಕ್ಕಳನ್ನು ಬಿಟ್ಟುಬಿಡಿ. ನನ್ನ ಮೂರು ಪುಟದ ತ್ಯಾಗಕ್ಕೆ ನಿಮ್ಮ ಕಚೇರಿಯಲ್ಲಿ ಸಿಕ್ಕಿದ್ದು ಎರಡನೆಯ ಕ್ರಮಸಂಖ್ಯೆ. ಹುತಾತ್ಮಳಾಗುವುದಕ್ಕೂ ಸರದಿಯಲ್ಲಿ ನಿಲ್ಲಬೇಕೆಂದು ಗೊತ್ತಿರಲಿಲ್ಲ.

ಆದ್ದರಿಂದ ಈ ಬಹಿರಂಗ ಪತ್ರ. ಈಗ ನಿಮ್ಮ ಮುಂದೆ ಒಂದು ಪುಸ್ತಕವಿದೆ, ನಾಲ್ವರು ಅಪರಾಧಿಗಳಿದ್ದಾರೆ. ಇದು ಆಳವಾದ ವಿಚಾರಣೆಯಾಗಬೇಕಾದ ಪ್ರಕರಣವೆಂದು ನಿಮಗೆ ಅನ್ನಿಸುವುದಿಲ್ಲವೇ? ನಾಲ್ಕೂ ಹೇಳಿಕೆಗಳನ್ನು ತಾಳೆ ನೋಡಬೇಕು. ಈಳಿಗೆಯನ್ನು ಪರಿಶೀಲನೆಗೆ ತರಿಸಬೇಕು. ಮೇಲಿನವರ ಅಭಿಪ್ರಾಯ ಕೇಳಬೇಕು, ಅವರು ಕೇಳಿದ ಸ್ಪಷ್ಟೀಕರಣಕ್ಕೆ ನೀವು ಸ್ಪಷ್ಟೀಕರಣ ಕೊಡಬೇಕು. ನಮ್ಮ ಶಾಖೆಯ ಒಡೆದ ಕಿಟಕಿಯ ಗಾಜಿನ ಕಡತ ಎಷ್ಟು ಮಳೆಗಾಲ ಕಂಡಿದೆಯೆಂದು ಮಹಾದೇವಪ್ಪನವರಿಂದ ಕೇಳಿ ಬಲ್ಲೆ. ಅಂಥ ಅನುಭವಿ ಕಚೇರಿ ನಮ್ಮ ವಿಷಯದಲ್ಲಿ ಮಾತ್ರ ಒಂದೇ ವಾರಕ್ಕೆ ಇಷ್ಟು ಚುರುಕಾಗಿದ್ದು ಯಾಕೆ? ನಾವು ಮಾಡಿದ ಪಾಪವಾದರೂ ಏನು, ಓದಿದ್ದೇ?

ನನ್ನ ಬೇಡಿಕೆ ಸಣ್ಣದು. ಈ ನಾಡಿನಲ್ಲಿ ಯಾವ ಪ್ರಜೆಯೂ ಯಾವ ಕಚೇರಿಗೂ ಇಂಥ ಬೇಡಿಕೆ ಸಲ್ಲಿಸಿರಲಾರ. ದಯಮಾಡಿ ತಡಮಾಡಿ. ಪರೀಕ್ಷೆ ಮುಗಿಯುವವರೆಗೆ ನಮ್ಮ ಕಡತವನ್ನು ಯಾವುದಾದರೂ ಕಪಾಟಿನಲ್ಲಿ ಮರೆತುಬಿಡಿ. ಪರೀಕ್ಷೆಯ ಮರುದಿನ ನಾವು ನಾಲ್ವರೂ ಎರಡೂ ಅರ್ಧಗಳನ್ನು ಹಿಡಿದುಕೊಂಡು ಯಾದಗಿರಿಗೆ ಬರುತ್ತೇವೆ. ನಿಮ್ಮೆದುರಿಗೇ ಮನ್ಸೂರಅಲಿ ಅದನ್ನು ಹೊಲಿದುಕೊಡುತ್ತಾನೆ, ಅರ್ಧಕ್ಕೆ ನಿಂತ ಆ ವಾಕ್ಯವೂ ಕೂಡಿಕೊಳ್ಳುತ್ತದೆ. ಆಮೇಲೆ ಯಾರ ಸದಸ್ಯತ್ವ ರದ್ದು ಮಾಡುತ್ತೀರೋ ಮಾಡಿ. ಖುರ್ಷೀದಬೇಗಂ ತನ್ನದೇ ಮೊದಲು ಆಗಲಿ ಎಂದು ಹೇಳಿ ಕಳಿಸಿದ್ದಾಳೆ. ಅದಕ್ಕಾಗಿ ಮೊದಲು ಅವಳನ್ನು ಸದಸ್ಯೆಯಾಗಿ ಮಾಡಿಕೊಳ್ಳಬೇಕಾಗುತ್ತದೆ.

ಇಂತಿ,
ಕನ್ನಡ ಸಾಹಿತ್ಯದ ಮೊದಲರ್ಧವನ್ನು ಕಣ್ಣಾರೆ ಓದಿ, ಉಳಿದರ್ಧವನ್ನು ಫೋನಿನಲ್ಲಿ ಕೇಳಿದ,
ಎರಡನೆಯ ಆರೋಪಿ
ಮಲ್ಲೇಶ್ವರಿ,
ಬೀಜ-ಗೊಬ್ಬರದ ಅಂಗಡಿ, ಶಹಾಪುರ

ವಿ.ಸೂ.: ಇದಕ್ಕೆ ಉತ್ತರ ಬರೆಯುವುದಾದರೆ ದಯವಿಟ್ಟು ಎರಡು ಪ್ರತಿ ಕಳಿಸಿ. ಒಂದೇ ಕಳಿಸಿದರೆ ನಾವು ಏನು ಮಾಡುತ್ತೇವೆಂದು ನಿಮಗೆ ಗೊತ್ತಿದೆ.